ಸುಧಾಮಣಿಯ ಬತ್ತೇರಿ

ಸಂಕ್ರಾಂತಿ ಮುಗಿದ ಮಾರನೆಯ ದಿನದಿಂದ ಗುಂಡ್ಲುಪೇಟೆ ಡಿಪೋದ ಡ್ರೈವರ್ ರಾಜಶೇಖರನಿಗೆ ಹದಿನೆಂಟು ದಿನ ರಜೆ ಸಿಕ್ಕಿತು. ಅವನೇನೂ ಕೇಳಿರಲಿಲ್ಲ. ಕೂಡಿಬಿದ್ದ ರಜೆಯನ್ನು ಈಗಲೇ ತೆಗೆದುಕೊಂಡುಬಿಡು, ಬೇಸಿಗೆಯಲ್ಲಿ ಊಟಿಗೆ ಹೋಗುವ ಜನ ಶುರುವಾದರೆ ಅರ್ಧ ದಿನವೂ ಕೊಡಲಾಗುವುದಿಲ್ಲ ಎಂದು ಮ್ಯಾನೇಜರೇ ಅರ್ಜಿ ಮುಂದಿಟ್ಟು ಸಹಿ ಹಾಕಿಸಿಕೊಂಡಿದ್ದರು. ಇಪ್ಪತ್ತಾರು ವರ್ಷದ ಸರ್ವಿಸ್ಸಿನಲ್ಲಿ ಅವನು ಹೆಚ್ಚಾಗಿ ಓಡಿಸಿದ್ದು ಬೆಂಗಳೂರಿನ ಬಸ್ಸನ್ನೇ. ಒಂದು ರಾತ್ರಿ ಅಲ್ಲಿ ತಂಗುವುದು, ಮರುದಿನ ಮನೆಗೆ ಬಂದು ಉಂಡು ಮಲಗುವುದು, ಎದ್ದರೆ ಮತ್ತೆ ಡ್ಯೂಟಿ. ಮನೆಯೆಂದರೆ ಅವನಿಗೆ ಒಂದು ತಟ್ಟೆ, ಒಂದು ಚಾಪೆ.

ಮೊದಲ ಎರಡು ದಿನ ಅವನು ಎಲ್ಲರ ಕಾಲಿಗೂ ಅಡ್ಡವಾದ. ಹನ್ನೊಂದು ಗಂಟೆಗೆ ಕಾಫಿ ಕೇಳಿದ. ಅಡುಗೆಮನೆಯ ಸಿಲಿಂಡರನ್ನು ಈ ಮೂಲೆಯಿಂದ ಆ ಮೂಲೆಗೆ ಇಟ್ಟ. ಹೆಂಡತಿ ಸುಧಾಮಣಿ ಅದನ್ನು ಮತ್ತೆ ಈ ಮೂಲೆಗೆ ತಂದಳು.

"ಲೋ ರಾಜ, ಬಾಗಿಲ್ಗ ಅಡ್ಡ ಕೂರ್ಬ್ಯಾಡ ಕಣ, ಇದು ಗುಡ್ಸೋ ಹೊತ್ತು" ಎಂದು ತಾಯಿ ದೊಡ್ಡಮಲ್ಲಮ್ಮ ಪೊರಕೆಯನ್ನು ಅವನ ಕಾಲಿಗೆ ತಾಕಿಸಿದಳು. ಎಪ್ಪತ್ತೆಂಟು ವರ್ಷವಾಗಿದ್ದರೂ ಪಡಸಾಲೆಯ ಕಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಮೂರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಮೂವರೂ ಹಿತ್ತಲ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು. ಅಷ್ಟರಲ್ಲಿ ಸುಧಾಮಣಿಯ ಫೋನು ಬಡಿದುಕೊಂಡಿತು. ಅವಳು ಕೈ ಒರೆಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಮಾತಿಗೆ ನಿಂತಳು. ರಾಜಶೇಖರ ಕಿವಿಗೊಟ್ಟ. ಅದು ಕನ್ನಡವಲ್ಲ. ಅವಳು ಮಲಯಾಳದಲ್ಲಿ, ನೀರು ಹರಿದ ಹಾಗೆ ಮಾತಾಡುತ್ತಿದ್ದಳು. ನಡುವೆ ಜೋರಾಗಿ ನಕ್ಕಳು. ಹೆಂಡತಿ ಹಾಗೆ ನಗುವುದನ್ನು ಅವನು ಮದುವೆಯಾದ ಹೊಸದರಲ್ಲಿ ಕೇಳಿದ್ದ ನೆನಪು.

ಅವಳು ಬಂದು ಕೂತ ಮೇಲೆ ಕೇಳಿದ, "ಯಾರ್ದು ಫೋನು?"

"ನಬೀಸಂದು."

"ಯಾವ ನಬೀಸ?"

"ಬತ್ತೇರಿ ನಬೀಸ. ನನ್ನ ಫ್ರೆಂಡು."

"ನಿಂಗ ಮಲಯಾಳ ಬತ್ತದಾ?"

"ಬತ್ತದ."

"ಯಾವಾಗ ಕಲ್ತೆ?"

"ಎಂಟು ವರ್ಸ ಆಯ್ತು" ಎಂದು ಅವಳು ಕಾಳಿಗೆ ಕೈ ಹಾಕಿದಳು. ದೊಡ್ಡಮಲ್ಲಮ್ಮ ತಲೆ ಎತ್ತಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವನು ಮಗನನ್ನು ಹಿಡಿದ. ಸಾಗರ್ ಚಾಮರಾಜನಗರದಲ್ಲಿ ಬಿ.ಎಡ್ ಓದುತ್ತಿದ್ದ; ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ.

"ನಬೀಸ ಅಂದ್ರ ಯಾರ್ಲಾ?"

"ನಬೀಸಾಂಟಿನಾ? ಅವ್ವನ ಫ್ರೆಂಡು. ಟೈಲರಿಂಗ್ ಮಾಡ್ತಾರ. ನಂಗ ಸೀಟು ಸಿಕ್ದಾಗ ಈ ಶರ್ಟ್ ಹೊಲ್ದು ಕಳ್ಸಿದ್ರಲ್ಲ" ಎಂದು ಸಾಗರ್ ಹಾಕಿಕೊಂಡಿದ್ದ ನೀಲಿ ಅಂಗಿಯ ಕಾಲರ್ ಹಿಡಿದು ತೋರಿಸಿದ. "ನಿಂಗೊತ್ತಿಲ್ವಾಪ್ಪ?"

ಆ ಅಂಗಿಯನ್ನು ರಾಜಶೇಖರ ಹತ್ತಾರು ಸಲ ನೋಡಿದ್ದ. ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

"ಸಾರಿಗ ಉಪ್ಪು ಸಾಲ್ದು" ಎಂದಳು ದೊಡ್ಡಮಲ್ಲಮ್ಮ.

ಸೋಮವಾರ ಅವನು ಮಗನ ಜೊತೆಗೇ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದ. ಅಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಅವನ ಹಳೆಯ ಗೆಳೆಯ ರಂಗರಾಜು ಜೀಪು ಓಡಿಸುತ್ತಿದ್ದ. ಇಬ್ಬರೂ ಒಂದೇ ಈರುಳ್ಳಿ ಲಾರಿಯಲ್ಲಿ ಸ್ಟೀರಿಂಗ್ ಹಿಡಿಯಲು ಕಲಿತವರು. ಎದುರಾಗಿ ಕೂತು ಮಾತಾಡದೆ ಎಷ್ಟು ವರ್ಷವಾಗಿತ್ತೆಂದರೆ, ರಂಗರಾಜು ಮೊದಲು ಗುರುತಿಸಿದ್ದು ಅವನ ನಡಿಗೆಯನ್ನು.

"ಇನ್ನೂ ಕ್ಲಚ್ ತುಳಿಯೋ ಹಂಗೇ ನಡೀತೀಯಲ್ಲಾ" ಎಂದು ಹೆಗಲ ಮೇಲೆ ಕೈ ಹಾಕಿ ಕ್ಯಾಂಟೀನಿಗೆ ಎಳೆದುಕೊಂಡು ಹೋದ. ಇಡ್ಲಿ ಬಂತು, ಸಕ್ಕರೆಕಾಯಿಲೆಯ ಮಾತು ಬಂತು, ಅವನ ಮಗಳ ಬಾಣಂತನದ ಮಾತು ಬಂತು. ಕಾಫಿ ಕುಡಿಯುವಾಗ ರಂಗರಾಜು ಕೇಳಿದ, "ನಿಮ್ಮನೆಯವ್ರು ಚೆನ್ನಾಗವ್ರಾ? ಅವತ್ತು ಬಸ್‌ಸ್ಟ್ಯಾಂಡಲ್ಲಿ ನೋಡ್ದಾಗ ಬದುಕ್ತಾರೋ ಇಲ್ವೋ ಅನ್ನಿಸ್ಬುಟ್ಟಿತ್ತು."

"ಯಾವತ್ತು?"

"ಅದೇ ಕಣ್ಲಾ, ಗರ್ಭಕೋಶದ ಆಪ್ರೇಷನ್ ಆಗಿ ಬತ್ತೇರಿಯಿಂದ ಬಂದ ದಿನ. ನಾನು ಸಾಹೇಬ್ರನ್ನ ಇಳ್ಸಕ ಗುಂಡ್ಲುಪೇಟೆಗೆ ಬಂದಿದ್ದೆ. ಬಸ್ಸಿಂದ ಇಳೀಲಾರ್ದೆ ಇಳೀತಿದ್ರು. ನಾನೇ ಆಟೋ ಮಾಡ್ಕೊಟ್ಟೆ."

"ಪುಟ್ಟಬಸಪ್ಪ ಇದ್ನಲ್ಲ ಜೊತೇಲಿ."

"ಯಾವ ಪುಟ್ಟಬಸಪ್ಪ? ಒಬ್ಬ ಹೆಂಗ್ಸು ಇದ್ರು, ತಲೆ ತುಂಬ ಬಟ್ಟೆ ಸುತ್ಕೊಂಡು. ಕನ್ನಡ ಬರ್ತಿರ್ನಿಲ್ಲ. ಸೊಂಟಕ್ಕ ಕೈ ಹಾಕಿ ಹಿಡ್ಕೊಂಡಿದ್ರು."

ರಾಜಶೇಖರ ಲೋಟವನ್ನು ಕೆಳಗಿಟ್ಟ. ಪುಟ್ಟಬಸಪ್ಪನೆಂದರೆ ಸುಧಾಮಣಿಯ ತಮ್ಮ, ಕುದೇರಿನಲ್ಲಿ ಬೇಸಾಯ ಮಾಡಿಕೊಂಡಿರುವವನು. ಎಂಟು ವರ್ಷದ ಹಿಂದೆ, ದಸರಾ ಹೊತ್ತಿನಲ್ಲಿ, ಗಡಿಯಾಚೆ ಕೇರಳದ ಬತ್ತೇರಿಯ ಆಸ್ಪತ್ರೆಯಲ್ಲಿ ಹೆಂಡತಿಯನ್ನು ಸೇರಿಸಿ, ಕಾಗದಗಳಿಗೆ ಸಹಿ ಹಾಕಿ, ಆಪರೇಷನ್ ಆದ ಮಾರನೆಯ ದಿನ ರಾಜಶೇಖರ ಡ್ಯೂಟಿಗೆ ಹೊರಟುಬಂದಿದ್ದ. ರಜೆ ಸಿಕ್ಕಿರಲಿಲ್ಲ, ಅದು ನಿಜ. ಭಾವಮೈದುನ ನೋಡಿಕೊಳ್ಳುತ್ತಾನೆ, ಅವನೇ ಕರೆತರುತ್ತಾನೆ ಅಂದುಕೊಂಡಿದ್ದ. ವಾರದ ಮೇಲೆ ಒಂದು ದಿನ ಬೆಂಗಳೂರಿನಿಂದ ಬಂದಾಗ ಅವಳು ಮನೆಯಲ್ಲಿ ಮಲಗಿದ್ದಳು. ನೋವು ಕಮ್ಮಿಯಾಯ್ತಾ ಎಂದು ಕೇಳಿದ್ದ. ಹೂಂ ಎಂದಿದ್ದಳು. ಅಲ್ಲಿಗೆ ಮುಗಿದಿತ್ತು.

ಅವನು ಅಲ್ಲಿಂದಲೇ ಕುದೇರಿಗೆ ಬಸ್ಸು ಹತ್ತಿದ. ಪುಟ್ಟಬಸಪ್ಪ ಅರಿಶಿನದ ಹೊಲದಲ್ಲಿದ್ದ. ಭಾವ ಹೀಗೆ ಹೇಳದೆ ಕೇಳದೆ ಬಂದದ್ದಕ್ಕೆ ಗಾಬರಿಯಾಗಿ ಮಣ್ಣು ಕೈಯಲ್ಲೇ ಓಡಿ ಬಂದ. ವಿಷಯ ಕೇಳಿದ ಮೇಲೆ ಅವನ ಮುಖ ಚಿಕ್ಕದಾಯಿತು.

"ನಾನು ಹೋಗ್ನಿಲ್ಲ ಭಾವ. ಆ ವಾರವೇ ನಮ್ಮನೆಯವ್ಳಿಗೆ ಹೆರಿಗೆ ಆಯ್ತಲ್ಲ. ಅಕ್ಕನ್ಗ ಫೋನು ಮಾಡ್ದೆ. ನೀನು ಬರ್ಬ್ಯಾಡ, ಇಲ್ಲಿ ಜನ ಅವ್ರ ಅಂದ್ಳು. ನೀವೇ ಇದ್ದೀರಿ ಅಂದ್ಕೊಂಡೆ."

ರಾಜಶೇಖರ ಬದುವಿನ ಮೇಲೆ ಕೂತು, ಊರಿಗೆ ಮುಂದಿನ ಬಸ್ಸು ಎಷ್ಟು ಗಂಟೆಗೆಂದು ಕೇಳಿದ.

ಅವನು ಮನೆಗೆ ಬಂದಾಗ ಸುಧಾಮಣಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ನೇರ ಒಳಗೆ ಹೋದ.

"ಬತ್ತೇರಿಯಿಂದ ನಿನ್ನ ಕರ್ಕೊಂಡು ಬಂದವ್ಳು ಆ ನಬೀಸನಾ?"

"ಹೂಂ."

"ನನ್ಗ್ಯಾಕ ಹೇಳ್ನಿಲ್ಲ?"

"ನೀವು ಕೇಳ್ನಿಲ್ಲ."

"ಕೇಳ್ದಿದ್ರೂ ಹೇಳ್ಬೌದಿತ್ತಲ್ಲ."

"ಯಾವಾಗ ಹೇಳ್ಲಿ? ಬಂದ್ರ ಮಲ್ಗಿರ್ತಿದ್ರಿ. ಎದ್ರ ಬೆಲ್ಟ್ ಎಲ್ಲಿ, ಟವೆಲ್ ಎಲ್ಲಿ ಅಂತಿದ್ರಿ." ಅವಳು ಮುದ್ದೆಯನ್ನು ತಟ್ಟೆಗೆ ಹಾಕಿ ಒದ್ದೆ ಕೈಯಿಂದ ದುಂಡಗೆ ಮಾಡಿದಳು. "ಪಕ್ಕದ ಮಂಚದಲ್ಲಿ ಅವ್ಳ ತಾಯಿ ಇದ್ರು. ಅವ್ಳು ಇಬ್ರಿಗೂ ಗಂಜಿ ತತ್ತಿದ್ಲು. ಒಂಬತ್ತು ದಿನ ನನ್ನ ಎಬ್ಸಿ ಕೂರ್ಸಿದ್ದು, ತಲೆ ಬಾಚಿದ್ದು, ಎಲ್ಲ ಅವ್ಳೇ. ಮಾತು ಕಲಿಯಕ ಶುರು ಮಾಡಿದ್ದೂ ಅಲ್ಲೇ, ಆಮೇಲೆ ದಿನಾ ಫೋನಲ್ಲಿ. ಈಗ ಕೇಳುದ್ರಲ್ಲ, ಹೇಳ್ದೆ. ಇನ್ನೊಂದು ಮಾತು. ಬರೋ ಭಾನುವಾರ ಅವ್ಳ ಮಗ್ಳ ಮದ್ವ. ನಾನು ಶುಕ್ರವಾರ ಹೋಯ್ತೀನಿ, ಸೋಮವಾರ ಬತ್ತೀನಿ."

"ನಾಕು ದಿನಾನಾ? ಅಪರೂಪಕ್ಕ ನಾನು ರಜ ಹಾಕ್ಕೊಂಡು ಮನೇಲಿರೋವಾಗ?"

"ನಿಮ್ಮ ರಜ ಕೇಳ್ಕೊಂಡು ಅವ್ರು ಮದ್ವ ದಿನ ಇಟ್ಕೊಬೇಕಿತ್ತಾ?"

"ಮನೇಲಿ ಅಡಿಗ ಯಾರು ಮಾಡ್ತಾರ?"

"ಇಪ್ಪತ್ತಾರು ವರ್ಸ ಬೆಂಗ್ಳೂರಲ್ಲಿ ನಿಮ್ಗ್ಯಾರು ಮಾಡ್ತಿದ್ರು?"

"ಹೋಟ್ಲು."

"ಇಲ್ಲೂ ಅವ, ಹೈವೇ ತುಂಬ."

ಅವನ ದನಿ ಏರಿತು. ಹಳೆಯ ವಿಷಯವೆಲ್ಲ ಬಂತು. ದಸರಾ, ರಜೆ ರದ್ದು, ಸಂಸಾರಕ್ಕಾಗಿ ಸವೆದ ಸೊಂಟ. ಅವಳು ಸಾರು ಬಡಿಸಿದಳು. ಅವನ ಕೂಗಾಟವನ್ನು ನಿಲ್ಲಿಸಿದ್ದು ಗೋಡೆಗೆ ಒರಗಿ ಕೂತಿದ್ದ ದೊಡ್ಡಮಲ್ಲಮ್ಮ.

"ಹೋಗಿ ಬರ್ಲಿ ಬುಡು."

"ನೀನು ಸುಮ್ನಿರವ್ವ."

"ಯಾಕ ಸುಮ್ನಿರ್ಲಿ? ಅವತ್ತು ಬಾಗ್ಲು ತಗ್ದವ್ಳು ನಾನು." ಮುದುಕಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಸೊಸ ಮಂಚಕ್ಕ ಬಿದ್ಲು. ಆವಮ್ಮ ನಿಂತ್ಕೊಂಡಿತ್ತು. ಒಳಗ ಬಾ ಅನ್ನಕ ಬಾಯಿ ಬರ್ನಿಲ್ಲ ನನ್ಗ. ಜಗಲಿ ಮ್ಯಾಲ ಕೂರ್ಸಿ, ಹಿತ್ತಲಲ್ಲಿದ್ದ ಲೋಟದಲ್ಲಿ ಕಾಫಿ ಕೊಟ್ಟೆ. ಕುಡೀತು, ತಾನೇ ತೊಳೀತು, ಬೋರಲು ಹಾಕಿ ಹೋಯ್ತು. ಆ ಲೋಟ ಒಳಗ ತರ್ಬ್ಯಾಡ ಅಂದೆ ಇವ್ಳಿಗೆ. ಎದ್ದು ಓಡಾಡಂಗಾದ ದಿನ ಒಳಗ ತಂದ್ಲು. ಅವತ್ತಿಂದ ಇವತ್ತಿನ ತಂಕ ಇವ್ಳು ಕಾಫಿ ಕುಡಿಯದು ಅದ್ರಲ್ಲೇ. ಒಂದು ಮಾತು ಆಡ್ನಿಲ್ಲ ಕಣ. ದಿನಾ ನನ್ನ ಎದುರ್ಗೇ ಕೂತು ಕುಡೀತಾಳ."

ಊಟಕ್ಕೆ ಕೂತಿದ್ದ ಸಾಗರ್ ಅವ್ವನ ಲೋಟದ ಕಡೆ ತಿರುಗಿ ನೋಡಿದ.

ರಾಜಶೇಖರ ಆಮೇಲೆ ಸಣ್ಣ ದನಿಯಲ್ಲಿ ಹೇಳಿದ, "ನಾನೂ ಬತ್ತೀನಿ ಮದ್ವಗ."

"ಯಾಕ?" ಎಂದಳು ಸುಧಾಮಣಿ.

"ಅವ್ರನ್ನ ನೋಡ್ಬೇಕು."

ಅವಳು ಅವನ ಮುಖವನ್ನು ಅಳೆದು ನೋಡಿದಳು. "ಭಾನುವಾರ ಬನ್ನಿ. ಅದ್ಕಿಂತ ಮುಂಚ ನನ್ಗ ಅಲ್ಲಿ ಕೆಲ್ಸ ಅದ."

ಶುಕ್ರವಾರ ಅವಳು ಹೋದಳು. ಮನೆಯಲ್ಲಿ ತಂದೆ, ಮಗ, ಅಜ್ಜಿ ಉಳಿದರು. ರಾಜಶೇಖರ ಮಾಡಿದ ಅನ್ನ ತಳ ಹಿಡಿಯಿತು. ಸಾಗರ್ ಫೋನಿನಲ್ಲಿ ನೋಡಿಕೊಂಡು ಹುರುಳಿ ಸಾರು ಮಾಡಿದ, ಅದನ್ನು ಅಜ್ಜಿ ಬಾಯಿಗಿಟ್ಟು, "ಯಾವ ಊರ್ದು ಇದು?" ಎಂದು ಕೇಳಿದಳು. ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಗಿನ ಐದಕ್ಕೆ ಎಂಬುದು ರಾಜಶೇಖರನಿಗೆ ಶನಿವಾರ ಗೊತ್ತಾಯಿತು. ಹಾಲಿನವನಿಗೆ ಎಷ್ಟು, ಕಸದ ಗಾಡಿ ಯಾವಾಗ, ಅವ್ವನ ಬಿಪಿ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ, ಒಂದೊಂದನ್ನೂ ಅವನು ಕೇಳಿ ಕೇಳಿ ತಿಳಿದುಕೊಂಡ.

"ನೀನು ಈ ಮನ್ಗ ಬಾಡಿಗ್ಗ ಬಂದವ್ನಂಗ ಕೇಳ್ತೀಯ" ಎಂದಳು ತಾಯಿ.

ಭಾನುವಾರ ಬೆಳಿಗ್ಗೆ ಅವನು ಬತ್ತೇರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಗಡಿಯ ಮದ್ದೂರು ಚೆಕ್‌ಪೋಸ್ಟ್ ದಾಟಿ ಕಾಡಿನ ತಿರುವುಗಳು ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಬ್ರೇಕು ಒತ್ತುತ್ತಿತ್ತು.

ಮದುವೆ ಮನೆಯಲ್ಲಿ ಸುಧಾಮಣಿಯನ್ನು ಗುರುತಿಸಲು ಅವನಿಗೆ ಎರಡು ನಿಮಿಷ ಹಿಡಿಯಿತು. ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿ ಹೊರುವ ಹುಡುಗರನ್ನು ಮಲಯಾಳದಲ್ಲಿ ಬೈಯುತ್ತಾ ಓಡಾಡುತ್ತಿದ್ದಳು. ಹುಡುಗರು ಅವಳನ್ನು ಇತ್ತಾ ಎಂದು ಕರೆಯುತ್ತಿದ್ದರು. ಇತ್ತಾ ಅಂದರೆ ಅಕ್ಕ ಎಂದು ಆಮೇಲೆ ತಿಳಿಯಿತು.

ನಬೀಸ ಐವತ್ತರ ಆಸುಪಾಸಿನ ಸಣಕಲು ಹೆಂಗಸು. ಹೊಲಿಗೆಯವರಿಗೆ ಇರುವಂತೆ ಬೆನ್ನು ತುಸು ಬಾಗಿತ್ತು. ರಾಜಶೇಖರನನ್ನು ನೋಡಿ ನಕ್ಕು, ಪಕ್ಕದ ಮನೆಯ ಜಗಲಿಗೆ ಕರೆದುಕೊಂಡು ಹೋದಳು. ಅದು ಮಾಂಸ ತಿನ್ನದ ಮನೆ. ಅಲ್ಲಿ ಅವನಿಗಾಗಿ ಬಾಳೆಲೆ ಹಾಕಿಸಿದ್ದಳು. ಅನ್ನ, ಹುಳಿ, ಹಪ್ಪಳ, ಪಾಯಸ. ಪಾತ್ರೆಗಳ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ನಮಗೋಸ್ಕರ ಹೊಸ ಪಾತ್ರೆ ತಂದು ಇಲ್ಲಿ ಮಾಡ್ಸವ್ಳ" ಎಂದಳು ಸುಧಾಮಣಿ.

ರಾಜಶೇಖರ ಎಲೆಯ ಮುಂದೆ ಕೂತು ಹೆಂಡತಿಗೆ ಹೇಳಿದ, "ಅವ್ರನ್ನ ಒಂದು ಮಾತು ಕೇಳು. ಪರಿಚಯ ಇಲ್ದವ್ಳನ್ನ ಅಷ್ಟು ದೂರ ಯಾಕ ಕರ್ಕೊಂಡು ಬಂದ್ರು ಅಂತ."

ಸುಧಾಮಣಿ ಅರೆಮನಸ್ಸಿನಲ್ಲಿ ಕೇಳಿದಳು. ನಬೀಸ ಉತ್ತರ ಹೇಳಿದಳು. ಸುಧಾಮಣಿ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ.

"ಏನಂದ್ರು?"

"ಏನಿಲ್ಲ. ಉಣ್ಣಿ."

ನಬೀಸ ಇಬ್ಬರನ್ನೂ ನೋಡಿದಳು. ಆಮೇಲೆ ತನಗೆ ಬರುವ ನಾಲ್ಕು ಕನ್ನಡದ ಮಾತುಗಳನ್ನು ಹುಡುಕಿ ಹುಡುಕಿ ಜೋಡಿಸಿದಳು. "ಸಂಜೆ ಐದು ಗಂಟೆ, ಗುಂಡ್ಲುಪೇಟೆ ಬಸ್ಸು ಶಬ್ದ. ಇವಳು ಕಿಟಕಿ ನೋಡುದು. ದಿವಸ, ದಿವಸ. ನಾನು ಕೇಳಿದೆ, ಯಾರು? ಇವಳು, ಯಾರೂ ಇಲ್ಲ. ಎಂಟು ದಿವಸ. ಒಂಬತ್ತು, ನಾನು ಹೇಳಿದೆ, ಬಸ್ಸಲ್ಲಿ ಯಾರೂ ಬರಲ್ಲ. ನಾವು ಹೋಗುವ."

ಹೇಳಿ ಮುಗಿಸಿ, ಪಾಯಸ ತಣ್ಣಗಾಗುತ್ತದೆ ಎಂದು ಕೈಯಲ್ಲಿ ತೋರಿಸಿ, ಮದುವೆಯ ಗಲಾಟೆಯೊಳಗೆ ಹೊರಟುಹೋದಳು. ಸುಧಾಮಣಿಯೂ ಹಿಂದೆಯೇ ಹೋದಳು. ರಾಜಶೇಖರ ಒಬ್ಬನೇ ಕೂತು ಎಲೆಯಲ್ಲಿದ್ದದ್ದನ್ನೆಲ್ಲ ಉಂಡ. ಬಿಡಬಾರದು ಅನ್ನಿಸಿತು.

ಅವನು ಸಂಜೆಯೇ ಊರಿಗೆ ಮರಳಿದ. ಸೋಮವಾರ ಅವಳು ಬರುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಅವಳಿಗೆ ಆಶ್ಚರ್ಯವಾಯಿತು, ತೋರಿಸಿಕೊಳ್ಳಲಿಲ್ಲ.

"ಬ್ಯಾಗು ಕೊಡು."

"ಭಾರ ಇಲ್ಲ."

ಸ್ವಲ್ಪ ದೂರ ನಡೆದ ಮೇಲೆ ಅವನು ಹೇಳಿದ, "ಹೊಸ ಜೋಡೀನ ಒಂದಿನ ಊಟಕ್ಕ ಕರಿ. ಅವ್ರೂ ಬರ್ಲಿ. ನನ್ನ ರಜ ಮುಗಿಯದ್ರೊಳ್ಗ."

"ಅತ್ತೆ?"

"ಅವ್ವನ್ಗ ನಾನು ಹೇಳ್ತೀನಿ."

"ನೀವು ಹೇಳ್ಬ್ಯಾಡಿ. ನಾನೇ ಕೇಳ್ಬೇಕು ಅದ."

ಅವಳು ಮನೆಗೆ ಬಂದು ಕಾಲು ತೊಳೆದುಕೊಂಡು ಕೇಳಿಯೇಬಿಟ್ಟಳು. ದೊಡ್ಡಮಲ್ಲಮ್ಮ ಮೊದಲು ಮದುವೆಯ ಊಟದ ವಿಷಯ ವಿಚಾರಿಸಿದಳು. ಹೊಸ ಪಾತ್ರೆಯ ಮಾತು ಬಂದಾಗ ಅಲ್ಲೇ ನಿಂತಳು.

"ನಾನು ಬ್ಯಾರೆ ಲೋಟ ಕೊಟ್ಟೆ. ಅವ್ಳು ಬ್ಯಾರೆ ಪಾತ್ರ ತಂದ್ಲಾ?"

"ಹೂಂ ಅತ್ತೆ."

"ಬರ್ಲಿ. ಮನ ನಿಂದು, ನನ್ನೇನ್ ಕೇಳೀಯ."

"ಒಳಗ ಕೂರಸ್ತೀನಿ. ನೀವೂ ಜೊತೇಲಿ ಉಣ್ಬೇಕು."

ದೊಡ್ಡಮಲ್ಲಮ್ಮ ಗೋಡೆ ಹಿಡಿದು ಎದ್ದು ಹಿತ್ತಲ ಕಡೆ ಹೋದಳು. ಊಟಕ್ಕೆ ಕರೆದಿದ್ದ ಶುಕ್ರವಾರ ಬೆಳಗಾಗುತ್ತಲೇ ಮುದುಕಿ ಮಂಡಿ ನೋವೆಂದು ಕೋಣೆ ಸೇರಿ ಕಂಬಳಿ ಹೊದ್ದುಕೊಂಡಳು. ಸಾಗರ್ ಎರಡು ಸಲ ಹೋಗಿ ಕರೆದ. "ಉಸಾರಿಲ್ಲ ಕಣಪ್ಪ" ಎಂದಳು. ಪಡಸಾಲೆಯನ್ನು ಆ ದಿನ ರಾಜಶೇಖರ ಗುಡಿಸಿದ.

ನಬೀಸ, ಅವಳ ಮಗಳು, ಅಳಿಯ ಹನ್ನೆರಡರ ಬಸ್ಸಿಗೆ ಬಂದರು. ಸಾಗರ್ ಹೊಸ ಜೋಡಿಗೆ ಊರು ತೋರಿಸುತ್ತೇನೆಂದು ಕರೆದುಕೊಂಡು ಹೋದ. ನಬೀಸ ಹೊಸಿಲ ಹೊರಗೆ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತಳು. ಸುಧಾಮಣಿ ಅವಳ ಕೈ ಹಿಡಿದು ಒಳಗೆ ಕರೆತಂದು ಪಡಸಾಲೆಯ ನಡುವೆ ಚಾಪೆಯ ಮೇಲೆ ಕೂರಿಸಿ, ಒಲೆಯ ಮೇಲೆ ಒಬ್ಬಟ್ಟಿದೆಯೆಂದು ಅಡುಗೆಮನೆಗೆ ಓಡಿದಳು. ರಾಜಶೇಖರ ಎದುರಿಗೆ ಕೂತ. ಅಷ್ಟರಲ್ಲಿ ಕೋಣೆಯ ಬಾಗಿಲು ಕಿರುಗುಟ್ಟಿತು. ದೊಡ್ಡಮಲ್ಲಮ್ಮ ಗೋಡೆ ಹಿಡಿದುಕೊಂಡು ಬಂದು, ನಬೀಸನ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ ಕೂತಳು. ಹಣೆಯಲ್ಲಿ ವಿಭೂತಿ ಇತ್ತು, ಸೀರೆ ಬದಲಾಯಿಸಿದ್ದಳು.

"ನಿಮ್ಮ ತಾಯಿ ಇದ್ರಲ್ಲ ಆಸ್ಪತ್ರೇಲಿ, ಹೆಂಗವ್ರ?" ಎಂದು ಕೇಳಿದಳು. ನಬೀಸನಿಗೆ ಆ ಕನ್ನಡ ಅರ್ಥವಾಗಲಿಲ್ಲ. ಮುದುಕಿ ಮಗನ ಕಡೆ ತಿರುಗಿ, "ಹೋಗಿ ನಿನ್ನ ಹೆಂಡ್ತಿ ಕೇಳ್ಕೊಂಡು ಬಾ, ಇದ್ನ ಹೆಂಗ ಕೇಳದು ಅಂತ" ಎಂದಳು.

ರಾಜಶೇಖರ ಅಡುಗೆಮನೆಗೆ ಹೋಗಿ ಕೇಳಿಕೊಂಡು, ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಬಂದು, ಒಪ್ಪಿಸಿದ. "ಉಮ್ಮಕ್ಕು ಸುಖಮಾಣೋ?"

ನಬೀಸ ಮೇಲೆ ಕೈ ತೋರಿಸಿದಳು. ಎರಡು ಬೆರಳು ಎತ್ತಿದಳು.

"ಎರಡು ವರ್ಸ ಆಯ್ತಂತೆ ತೀರ್ಕೊಂಡು" ಎಂದ ರಾಜಶೇಖರ. ಅದು ಅವನಿಗೆ ತಾನಾಗಿ ಅರ್ಥವಾಗಿತ್ತು.

ದೊಡ್ಡಮಲ್ಲಮ್ಮ ಲೊಚಗುಟ್ಟಿದಳು. ವಯಸ್ಸೆಷ್ಟಾಗಿತ್ತು ಅಂತ ಕೇಳು ಎಂದಳು. ಅವನು ಮತ್ತೆ ಹೋದ, ಮತ್ತೆ ಬಂದ. ಮಂಡಿ ನೋವಿತ್ತಾ ಅವರಿಗೂ, ಕೇಳು. ಹೋದ, ಬಂದ. ಬೆಂಗಳೂರಿನ ಟ್ರಿಪ್ಪಿಗೂ ಅವನು ಇಷ್ಟು ಸಲ ಏರಿ ಇಳಿದಿರಲಿಲ್ಲ. ಅವನ ಉಚ್ಚಾರಕ್ಕೆ ನಬೀಸ ಸೆರಗು ಬಾಯಿಗಿಟ್ಟು ನಕ್ಕಳು, ಮುದುಕಿಯೂ ನಕ್ಕಳು.

ಆಮೇಲೆ ನಬೀಸನ ಕೈಬೆರಳುಗಳಲ್ಲಿದ್ದ ಸೂಜಿಯ ಗುರುತುಗಳನ್ನು ನೋಡುತ್ತಾ ದೊಡ್ಡಮಲ್ಲಮ್ಮ ಮಗನಿಗೆ ಹೇಳಿದಳು, "ತಪ್ಪಾಯ್ತು ಅನ್ನದ ಅವ್ರ ಮಾತಲ್ಲಿ ಹೆಂಗ ಹೇಳ್ತಾರ, ಕೇಳ್ಕೊಂಡು ಬಾ."

ಅವನು ಅಡುಗೆಮನೆಗೆ ಹೋದ. ಸುಧಾಮಣಿ ಹೆಂಚಿನ ಮುಂದೆ ನಿಂತಿದ್ದಳು.

"ಈಗೇನು?"

"ತಪ್ಪಾಯ್ತು ಅನ್ನಕ ಏನಂತಾರ?"

ಅವಳ ಕೈ ನಿಂತಿತು. "ಅತ್ತೆ ಕೇಳುದ್ರಾ?"

"ಹೂಂ."

"ಎನಿಕ್ಕ್ ತೆಟ್ಟು ಪಟ್ಟಿ."

"ಎನ್ಕೆ ತಟ್ಟು ಪಟ್ಟಿ."

"ತಟ್ಟು ಅಲ್ಲ. ತೆಟ್ಟು."

"ಎನಿಕ್ಕ್ ತೆಟ್ಟು ಪಟ್ಟಿ."

"ಸರಿ."

ಅವನು ಹೋಗಲಿಲ್ಲ. ಅವಳ ಎದುರಿಗೆ ಬಂದು ನಿಂತು ಇನ್ನೊಂದು ಸಲ ಹೇಳಿದ. ಈ ಸಲ ಪಾಠ ಒಪ್ಪಿಸುವವನ ಹಾಗೆ ಹೇಳಲಿಲ್ಲ. ಮೆಲ್ಲಗೆ, ಅವಳ ಮುಖ ನೋಡಿಕೊಂಡು ಹೇಳಿದ.

ಹೆಂಚಿನ ಮೇಲಿದ್ದ ಒಬ್ಬಟ್ಟು ಒಂದು ಮಗ್ಗುಲು ಕಂದಿ ವಾಸನೆ ಬಂತು. ಸುಧಾಮಣಿ ಅದನ್ನು ತೆಗೆದು ಪಕ್ಕಕ್ಕಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ಸರಿಯಾಗಿ ಬಂತು" ಎಂದಳು. "ಹೋಗಿ, ಅತ್ತೆ ಕಾಯ್ತಾವ್ರ."